ಇಬ್ಬರು ಸಾಕ್ಷಿಗಳು ಬೇಕಾಗಿದ್ದಾರೆ

ಇಷ್ಟಕ್ಕೆಲ್ಲ ಕಾರಣ ಎರಡು ಖಾಲಿ ಚೌಕಗಳು.

ಹಸಿರು ಗೆರೆಗಳ ಆ ಅರ್ಜಿಯಲ್ಲಿ ಮಿಕ್ಕದ್ದೆಲ್ಲ ಭರ್ತಿಯಾಗಿತ್ತು. ಗಂಡ, ಕುವಾಬರ ಮೊರಿಯೊ. ಹೆಂಡತಿ, ಕುವಾಬರ ಕಿನುಯೊ. ವಿಚ್ಛೇದನದ ಬಗೆ, ಪರಸ್ಪರ ಒಪ್ಪಿಗೆ. ಕಿನುಯೊ ಅದನ್ನು ತನ್ನ ಶಾಯಿ ಪೆನ್ನಿನಲ್ಲಿ, ಮದುವೆಯ ಕರೆಯೋಲೆ ಬರೆದಷ್ಟು ಮುದ್ದಾಗಿ ಬರೆದಿದ್ದಳು. ಕೆಳಗೆ ಸಾಕ್ಷಿಗಳ ಎರಡು ಚೌಕಗಳು ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದವು.

"ವಕೀಲರು ಬೇಡ, ಕೋರ್ಟು ಬೇಡ. ನಗರ ಕಚೇರೀಲಿ ಒಂದು ಯೆನ್ ಕೂಡ ಕೇಳಲ್ಲ," ಎಂದಳು ಕಿನುಯೊ, ತನ್ನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ. "ಯಾರಾದ್ರೂ ಇಬ್ಬರ ಸಹಿ ಹಾಕಿಸಿ ಕಿಟಕೀಲಿ ಕೊಡಿ. ನಾಲ್ಕು ಇಪ್ಪತ್ತರ ರೈಲಿಗೆ ಮುಂಚೆ ಸ್ಟೇಷನ್ನಿಗೆ ಬಂದು 'ಆಯ್ತು' ಅಂತ ಹೇಳಿ. ಸೆಂದೈಗೆ, ಅಕ್ಕನ ಮನೆಗೆ, ನಾನು ತವರಿನ ಹೆಸರಲ್ಲಿ ಹೋಗಬೇಕು. ಇದೊಂದು ಮಾಡಿಕೊಡಿ."

ಅವರಿಬ್ಬರ ನಡುವೆ ಜಗಳವಿರಲಿಲ್ಲ. ಜಗಳಕ್ಕೂ ಮಾತು ಬೇಕಲ್ಲ. ಮಕ್ಕಳಿಲ್ಲದ ಆ ಎರಡು ಕೋಣೆಯ ಸರ್ಕಾರಿ ವಸತಿಯಲ್ಲಿ ಹತ್ತು ವರ್ಷಗಳಿಂದ ಬಾಯಿ ತೆರೆಯುತ್ತಿದ್ದುದು ಟಿ.ವಿ. ಒಂದೇ.

ಮದುವೆಯಾದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಿನುಯೊ ಹೇಳಿದ ಯಾವ ಕೆಲಸವನ್ನೂ ಮೊರಿಯೊ ನೆಟ್ಟಗೆ ಮಾಡಿದವನಲ್ಲ. ಒಮ್ಮೆ ಅತ್ತೆಯನ್ನು ಕರೆತರಲು ಸ್ಟೇಷನ್ನಿಗೆ ಹೋಗಿ ಬೇರಾರೋ ಮುದುಕಿಯನ್ನು ಕರೆತಂದಿದ್ದ. ಆಕೆಗೆ ಚಹಾ ಕೊಟ್ಟು, ಸ್ನಾನಕ್ಕೆ ಬಿಸಿನೀರು ಬಿಟ್ಟ ಮೇಲೆ ನಿಜವಾದ ಅತ್ತೆ ಸ್ಟೇಷನ್ನಿನಿಂದ ಫೋನ್ ಮಾಡಿದ್ದರು. ಅತ್ತೆ ಸಾಯುವವರೆಗೂ ಅದನ್ನು ಮರೆಯಲಿಲ್ಲ. ಮೊರಿಯೊ ಈಗಲೂ ಮರೆತಿಲ್ಲ. ಈ ಕೊನೆಯ ಕೆಲಸವನ್ನಾದರೂ ತಪ್ಪಿಲ್ಲದೆ ಮಾಡಬೇಕು ಎಂದುಕೊಂಡು, ಅರ್ಜಿಯನ್ನು ಮೂರು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಸೇರಿಸಿ ಹೊರಟ.

ಹೊರಗೆ ಮಂಜೂ ಅಲ್ಲದ, ಮಳೆಯೂ ಅಲ್ಲದ ಏನೋ ಒಂದು ಬೀಳುತ್ತಿತ್ತು. ಕೆಳಗೆ ಕಸದ ಚೀಲಗಳನ್ನು ಬಿಚ್ಚಿ, ಯಾರು ಗಾಜನ್ನು ಪ್ಲಾಸ್ಟಿಕ್ ಜೊತೆ ಹಾಕಿದ್ದಾರೆಂದು ಪರೀಕ್ಷಿಸುತ್ತಿದ್ದಳು ನೆಗಿಶಿ. ಕಟ್ಟಡದ ಸಂಘದ ಮುಖ್ಯಸ್ಥೆ. ಮೊರಿಯೊ ತಲೆ ತಗ್ಗಿಸಿ ವಿಷಯ ಹೇಳಿದ.

"ಅಯ್ಯೋ! ಯಾರವಳು?"

"ಯಾರೂ ಇಲ್ಲ, ನೆಗಿಶಿ ಅವರೇ."

"ಜೂಜಾ?"

"ಅದೂ ಇಲ್ಲ."

"ಮತ್ತೆ ಸುಮ್ಸುಮ್ನೆ ಯಾರಾದ್ರೂ ಬಿಡ್ತಾರಾ?" ನೆಗಿಶಿಗೆ ನಿಜಕ್ಕೂ ಬೇಸರವಾಯಿತು. "ನೋಡಿ, ಆರಿಸಿಕೊಂಡಿರೋ ದಾರಿ ಮಾತ್ರ ಒಳ್ಳೇದು. ನಮ್ಮ ತಂಗಿ ಮಗ ವಕೀಲರನ್ನ ಇಟ್ಟು ಕಾರು ಮಾರಿಕೊಂಡ. ಕೌಟುಂಬಿಕ ಕೋರ್ಟಿನ ಸಂಧಾನ ಅಗ್ಗ, ಆದ್ರೆ ಆರು ತಿಂಗಳು ಅಲೆದಾಟ. ಇದಾದ್ರೆ ಪುಕ್ಕಟೆ."

"ಹಾಗಾದ್ರೆ ಒಂದು ಸಹಿ..."

"ನಾನಾ? ಹಿಂದೆ ಒಂದ್ಸಲ ಹಾಕಿದ್ದೆ. ಅವರಿಬ್ಬರೂ ಆಮೇಲೆ ಒಂದಾದ್ರು. ಈಗ ದಾರೀಲಿ ಸಿಕ್ಕಿದ್ರೆ ಇಬ್ರೂ ನನ್ನನ್ನೇ ಮಾತಾಡಿಸಲ್ಲ!"

ಅಲ್ಲಿಂದ ಮೊರಿಯೊ ಮೀನಿನ ಡಬ್ಬಿ ಕಾರ್ಖಾನೆಗೆ ಹೋದ. ಊಟದ ಬಿಡುವಿನಲ್ಲಿ ಸಹೋದ್ಯೋಗಿ ತೊಬಿತ ಅರ್ಜಿಯನ್ನು ಓದಿ ಕಣ್ಣೀರು ಹಾಕಿದ, ಪೆನ್ನು ತೆಗೆದ, ತನ್ನ ಹೆಸರಿನ ಮೊದಲ ಅಕ್ಷರ ಬರೆಯಲು ಬಗ್ಗಿದ. ಅಷ್ಟರಲ್ಲಿ ಪೆನ್ನನ್ನು ಮತ್ತೆ ಜೇಬಿಗಿಟ್ಟುಕೊಂಡ.

"ಮೇ ತಿಂಗಳಲ್ಲಿ ಮಗಳ ಮದುವೆ ಕಣೋ. ಇದೇ ಕೈಯಲ್ಲಿ ಅವಳ ಮದುವೆ ಅರ್ಜಿಗೂ ಸಾಕ್ಷಿ ಸಹಿ ಹಾಕಬೇಕು. ನನ್ನ ಹೆಂಡತಿಗೆ ಗೊತ್ತಾದ್ರೆ ಕೈ ಕತ್ತರಿಸ್ತಾಳೆ. ಜೂನಲ್ಲಿ ಬಾ, ಎಷ್ಟು ಬೇಕಾದ್ರೂ ಹಾಕಿಕೊಡ್ತೀನಿ."

ಎರಡು ಗಂಟೆಗೆ ಮೊರಿಯೊ ಒದ್ದೆ ನಾಯಿಯಂತೆ ಕಟ್ಟಡಕ್ಕೆ ಮರಳಿದಾಗ ಸುದ್ದಿ ಅವನಿಗಿಂತ ಮುಂಚೆ ಮೆಟ್ಟಿಲು ಹತ್ತಿಯಾಗಿತ್ತು. ಮೊದಲ ಮಹಡಿಯಲ್ಲಿ ಒಬ್ಬಾಕೆ ಸತ್ತ ಮನೆಗೆ ಕೊಡುವಂತೆ ಉಪ್ಪಿನಕಾಯಿ ಡಬ್ಬಿ ಕೊಟ್ಟಳು. ಎರಡನೆಯದರಲ್ಲಿ ಇನ್ನೊಬ್ಬಾಕೆ, "ಆ ಹುಡುಗಿಗೆ ಇಪ್ಪತ್ತಾರು ವರ್ಷವಂತೆ, ನಿಜವಾ?" ಎಂದು ಕೇಳಿದಳು. ಯಾವ ಹುಡುಗಿ ಎಂದು ಮೊರಿಯೊನಿಗೂ ತಿಳಿಯಬೇಕಿತ್ತು.

ಉಳಿದಿದ್ದವರು ನಾಲ್ಕನೆಯ ಮಹಡಿಯ ಕಮೊಶಿದ ಅಜ್ಜ, ಅಜ್ಜಿ. ಅವರ ಮದುವೆಯ ಐವತ್ತನೆಯ ವರ್ಷದ ಹಬ್ಬದ ಫೋಟೊ ಸಂಘದ ಕೋಣೆಯಲ್ಲಿ ತೂಗುತ್ತಿತ್ತು. ಆದರ್ಶ ದಂಪತಿ ಎಂದು ನೆಗಿಶಿ ಅದರ ಕೆಳಗೆ ಬರೆಸಿದ್ದಳು. ಅವರ ಬಳಿ ಇಂಥದ್ದನ್ನು ಕೇಳುವುದು ಮೊರಿಯೊನಿಗೆ ನಾಚಿಕೆಯ ವಿಷಯವಾಗಿತ್ತು. ಗಂಟೆ ಎರಡೂವರೆ. ನಾಚಿಕೆಯನ್ನು ಉಪ್ಪಿನಕಾಯಿ ಡಬ್ಬಿಯ ಜೊತೆ ಬಾಗಿಲ ಹೊರಗಿಟ್ಟು ಒಳಗೆ ಹೋದ.

"ಅಷ್ಟೇನಾ? ಕೊಡಿಲ್ಲಿ," ಎಂದಳು ಅಜ್ಜಿ.

ಅಜ್ಜ ಕೊತತ್ಸು ಮೇಜಿನ ದಪ್ಪ ಹೊದಿಕೆಯೊಳಗೆ ಸೊಂಟದವರೆಗೆ ಹೂತು ಕಿತ್ತಳೆ ಸುಲಿಯುತ್ತಿದ್ದ. "ಇವಳು ಅದರಲ್ಲಿ ಎಕ್ಸ್‌ಪರ್ಟು ಕಣಯ್ಯಾ! ನಮ್ಮದೂ ಒಂದು ಅರ್ಜಿ ಚಹಾ ಸಾಮಾನಿನ ಡ್ರಾಯರಿನಲ್ಲಿದೆ. ಮೂವತ್ತೆಂಟು ವರ್ಷದಿಂದ. ಸರ್ಕಾರ ಅರ್ಜಿ ಬದಲಾಯಿಸಿದಾಗೆಲ್ಲ ಇವಳೂ ಹೊಸದು ಬರೆದು, ಅಕ್ಕತಂಗಿಯರಿಂದ ಸಾಕ್ಷಿ ಸಹಿ ಹಾಕಿಸಿ, ನನ್ನ ಸಹಿ ತಗೋತಾಳೆ. ನಾನೂ ಹಾಕಿಕೊಡ್ತೀನಿ. ಹೆದರಿಸೋಕೆ ಇರಲಿ ಅಂತ!" ಎಂದು ಕೆಮ್ಮು ಬರುವಷ್ಟು ನಕ್ಕ.

ಅಜ್ಜಿ ನಗಲಿಲ್ಲ. ಮೂಲ ವಿಳಾಸ ಹೇಗೆ ಬರೆಯಬೇಕೆಂದು ನೋಡಿಕೊಳ್ಳಲು ತನ್ನ ಅರ್ಜಿಯನ್ನು ಡ್ರಾಯರಿನಿಂದ ತೆಗೆದು ಪಕ್ಕಕ್ಕಿಟ್ಟುಕೊಂಡು, ಮೊರಿಯೊನ ಅರ್ಜಿಯ ಒಂದು ಚೌಕ ತುಂಬಿದಳು. ಅಜ್ಜ ಎರಡನೆಯದನ್ನು ತುಂಬಿದ. ಇಬ್ಬರೂ ತಂತಮ್ಮ ಹೆಸರಿನ ಮೊಹರು ಒತ್ತಿದರು.

ಆಗ ಬಾಗಿಲ ಗಂಟೆ ಸದ್ದಾಯಿತು.

"ಕುವಾಬರ ಅವರು ಒಳಗಿದ್ದಾರೆ ಅಂತ ಗೊತ್ತು!" ನೆಗಿಶಿಯ ದನಿ. "ನಾವು ಆರು ಜನ ಬಂದಿದೀವಿ. ಒಡೆದುಹೋಗೋ ಸಂಸಾರಾನ ಕೂಡಿಸದೆ ನಾವು ಹೋಗಲ್ಲ!"

ಅಜ್ಜಿ ಕಾಗದಗಳನ್ನು ಮಡಚಿದಳು, ಒಂದನ್ನು ತಾನೇ ಅವನ ಒಳಜೇಬಿಗೆ ತುರುಕಿದಳು, ಬಾಲ್ಕನಿಯ ತುರ್ತು ಏಣಿ ತೋರಿಸಿದಳು. "ಓಡಪ್ಪಾ. ನಿಲ್ಲಬೇಡ."

ಐವತ್ತೇಳು ವರ್ಷದ ಮೊರಿಯೊ ನಾಲ್ಕು ಮಹಡಿ ಏಣಿಯಲ್ಲಿ ಇಳಿದ. ಒಣಗಲು ಹಾಕಿದ್ದ ಯಾರದೋ ಚಳಿಗಾಲದ ಒಳಚಡ್ಡಿ ಹೆಗಲ ಮೇಲೆ ಬಂದು ಕೂತಿದ್ದು ಬಸ್ಸಿನಲ್ಲಿ ಗಮನಕ್ಕೆ ಬಂತು.

ಕಚೇರಿಯ ಕಿಟಕಿಯಲ್ಲಿ ಕನ್ನಡಕದ ತರುಣಿ ಅರ್ಜಿಯನ್ನು ಬಿಡಿಸಿ ಬೆರಳಿಟ್ಟು ಓದಿದಳು. ಆ ಐದು ನಿಮಿಷ ಮೊರಿಯೊ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ. ಮೂರು ಮುಕ್ಕಾಲು.

"ನೀವು ಇದನ್ನ ತಂದುಕೊಡೋಕೆ ಬಂದವರಾ?"

"ಹೌದು."

"ಗುರುತಿನ ಚೀಟಿ ಕೊಡಿ. ತಂದವರು ಅಂತ ನಿಮ್ಮ ಹೆಸರು ಬರ್ಕೋತೀನಿ. ಅವರಿಬ್ಬರಿಗೂ ಅಂಚೇಲಿ ತಿಳಿಸ್ತೀವಿ."

ಎಷ್ಟು ಮರ್ಯಾದೆಯಿಂದ ಮಾತಾಡುತ್ತಾಳೆ, ಮುರಿದ ಸಂಸಾರವನ್ನು ಮುಖಕ್ಕೆ ಹಿಡಿಯದೆ 'ಅವರಿಬ್ಬರು' ಎನ್ನುತ್ತಾಳೆ ಎಂದು ಮೊರಿಯೊನ ಕಣ್ಣು ತೇವವಾಯಿತು.

"ಸ್ವೀಕರಿಸಿದ್ದೀವಿ," ಎಂದಳು ತರುಣಿ. ಮೊಹರು ಬಿತ್ತು.

ನಾಲ್ಕು ಗಂಟೆ ಹದಿನಾರು ನಿಮಿಷಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಕಿನುಯೊ ಎರಡು ಪೆಟ್ಟಿಗೆಗಳ ನಡುವೆ ನಿಂತಿದ್ದಳು.

"ಆಯ್ತು," ಎಂದ ಮೊರಿಯೊ, ಏದುಸಿರು ಬಿಡುತ್ತಾ.

"ನಿಜವಾಗ್ಲೂ? ಎಲ್ಲ ಸರಿ ಇತ್ತಾ?"

"ಅವರಿಗೆ ಒಂದು ತಪ್ಪೂ ಸಿಗಲಿಲ್ಲ."

ಕಿನುಯೊ ಅವನ ಕೋಟಿಗೆ ಅಂಟಿದ್ದ ದಾರದ ತುಣುಕೊಂದನ್ನು ತೆಗೆದು ಎಸೆದಳು. "ಪರವಾಗಿಲ್ಲ. ಕೊನೆಗೂ ಒಂದು ಕೆಲಸ ಸರಿಯಾಗಿ ಮಾಡಿದಿರಿ," ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ರೈಲು ಅವಳನ್ನು ಕರೆದುಕೊಂಡು ಹೋಯಿತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳು ಅವನನ್ನು ಹೊಗಳಿದ್ದು ಅದೇ ಮೊದಲು. ಆ ಮಾತನ್ನು ಬಿಸಿ ಗೆಣಸಿನಂತೆ ಎದೆಗವಚಿಕೊಂಡು ಮೊರಿಯೊ ಮನೆಯವರೆಗೆ ನಡೆದೇ ಬಂದ.

ಅವನ ಬಾಗಿಲ ಮುಂದೆ ಕಮೊಶಿದ ಅಜ್ಜ ಬಟ್ಟೆ ಗಂಟಿನ ಮೇಲೆ ಕೂತಿದ್ದ. ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಕೈಯಲ್ಲಿ ಒದ್ದೆ ಮುದ್ದೆಯಾದ ಕಾಗದ.

"ಇದು ನಿಂದು ಕಣಯ್ಯಾ," ಎಂದ ಅಜ್ಜ ಮೂಗೊರೆಸಿಕೊಳ್ಳುತ್ತಾ. "ಕಿತ್ತಳೆ ಸಿಪ್ಪೆ ಕೆಳಗಿತ್ತು. ನೀನು ಕೊಟ್ಟು ಬಂದಿದ್ದು ನಮ್ಮದು."

ಮೊರಿಯೊನಿಗೆ ಅತ್ತೆಯ ಬದಲು ಬಂದ ಆ ಮುದುಕಿ ಚಹಾ ಕುಡಿಯುತ್ತಿದ್ದುದು ಕಣ್ಣಿಗೆ ಕಟ್ಟಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ನಾಲ್ಕನೆಯ ಮಹಡಿಯ ಬಾಗಿಲು ಬಡಿದ. ಸರಪಳಿಯ ಸಂದಿನಲ್ಲಿ ಅಜ್ಜಿಯ ಮುಖ ಕಾಣಿಸಿತು. ಅವಳು ತುಟಿಗೆ ಬಣ್ಣ ಹಚ್ಚಿದ್ದಳು.

"ಅಜ್ಜೀ, ಕೈತಪ್ಪಿ ಅದಲು ಬದಲಾಗಿದೆ!"

"ಮೂವತ್ತೆಂಟು ವರ್ಷದಿಂದ ಹಿಡಿದಿರೋ ಕಾಗದ. ನನ್ನ ಕೈ ತಪ್ಪುತ್ತಾ?" ಎಂದಳು ಅಜ್ಜಿ ಮೆಲ್ಲಗೆ. "ಆ ಕಚೇರಿ ಬಾಗಿಲವರೆಗೆ ಎಂಟು ಸಲ ಹೋಗಿ ವಾಪಸ್ ಬಂದಿದೀನಪ್ಪಾ. ಕಾಲು ಬರ್ತಿರಲಿಲ್ಲ. ನೀನು ಹೇಗೂ ಹೊರಟಿದ್ದೆ. ಕೊಡೋ ಮುಂಚೆ ಓದ್ತೀಯ ಅಂದ್ಕೊಂಡಿದ್ದೆ, ಓದಿದ್ರೆ ನನ್ನ ಹಣೆಬರಹ ಅಂತ ಸುಮ್ನಿರ್ತಿದ್ದೆ. ಕಚೇರಿಗೆ ಫೋನ್ ಮಾಡಿದೆ, ಸ್ವೀಕರಿಸಿದ್ದೀವಿ ಅಂದ್ರು." ಬಾಗಿಲು ಮುಚ್ಚಿ, ಮತ್ತೆ ಒಂದಿಂಚು ತೆರೆಯಿತು. "ಮಲಗೋವಾಗ ಅವರಿಗೆ ಸೊಂಟದ ಪಟ್ಟಿ ಬಿಚ್ಚಬೇಕು. ಹಿಂದುಗಡೆ ಕೊಂಡಿ ಇದೆ, ಅವರ ಕೈಗೆ ಎಟುಕಲ್ಲ."

ಮೊರಿಯೊ ಕೆಳಗಿಳಿದು, ಅಜ್ಜನಿಗೆ ಬಾಗಿಲು ತೆರೆದುಕೊಟ್ಟು, ಕಾಗದವನ್ನು ಬಿಡಿಸಿ ನೋಡಿದ. ಅಜ್ಜನ ಕಣ್ಣೀರು, ಮೂಗು ಎರಡೂ ಅದರಲ್ಲೇ ಒರೆಸಲ್ಪಟ್ಟಿದ್ದವು. ಕಿನುಯೊಳ ಮುದ್ದಾದ ಶಾಯಿ ಹರಡಿ, ಗಂಡನ ಹೆಸರೂ ಹೆಂಡತಿಯ ಹೆಸರೂ ಒಂದರೊಳಗೊಂದು ಇಳಿದು ಒಂದೇ ನೀಲಿ ಕಲೆಯಾಗಿದ್ದವು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಇಷ್ಟು ಹತ್ತಿರ ಬಂದಿರಲಿಲ್ಲ.

ಇನ್ನು ಹೊಸ ಅರ್ಜಿ ತರಬೇಕು, ಅವಳ ಸಹಿ ಕೇಳಬೇಕು. ಅಂದರೆ ಅವಳಿಗೆ ಹೇಳಬೇಕು.

ಫೋನು ಮಿಣುಕಿತು. ರೈಲಿನಿಂದ ಕಿನುಯೊ ಕಳಿಸಿದ್ದಳು: "ಪಕ್ಕದ ಸೀಟಿನವರು ಹೆಸರು ಕೇಳಿದ್ರು. ತವರಿನ ಹೆಸರು ಹೇಳಿದೆ. ನಾಲಿಗೆ ಹಗುರ ಅನಿಸ್ತು. ಥ್ಯಾಂಕ್ಸ್."

ಮೊರಿಯೊ ಏನೇನೋ ಬರೆದು ಅಳಿಸಿದ. ಕೊನೆಗೆ, "ಅಲ್ಲಿ ಚಳಿ ಜಾಸ್ತಿ, ಹುಷಾರು" ಎಂದಷ್ಟೇ ಕಳಿಸಿದ.

ಒಳಗೆ ಅಜ್ಜ ಆಗಲೇ ಕಿನುಯೊಳ ಜಾಗದಲ್ಲಿ, ಕೊತತ್ಸುವಿನೊಳಗೆ ಕಾಲು ಚಾಚಿ ಕೂತಿದ್ದ. ಮೊರಿಯೊ ಎದುರುಗಡೆ ಕೂತ. ಅಜ್ಜ ಕೈ ಚಾಚಿ ಟಿ.ವಿ. ಹಾಕಿದ.