ಡಬ್ಬಿಯೊಳಗಿನ ಬಾಣಂತಿ

ಜೇಡ ಅಂದರೆ ಅವನಿಗೆ ಪ್ರಾಣಭಯ. ಆದರೆ ಆ ಬಿಲ್ಡಿಂಗಿನಲ್ಲಿ ಎಲ್ಲರ ಬಾಯಲ್ಲೂ ಅವನು ‘ಸ್ಪ್ರೇ ಸಾರ್’. ಮನೆಮನೆಗೆ ಹೋಗಿ ಜಿರಳೆ, ಗೆದ್ದಲು, ಜೇಡಗಳಿಗೆ ಔಷಧಿ ಹೊಡೆಯುವ ಕಂಪನಿಯೊಂದರಲ್ಲಿ ಅವನು ನೌಕರ. ಹೊಡೆಯುವವನಲ್ಲ, ಹೊಡೆದದ್ದಕ್ಕೆ ಬಿಲ್ಲು ಬರೆಯುವವನು. ಈ ಸಣ್ಣ ವ್ಯತ್ಯಾಸವನ್ನು ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಅಷ್ಟೂ ಮನೆಯವರು ಅದೇ ಕಂಪನಿಗೆ ವರ್ಷದ ಗುತ್ತಿಗೆ ಕೊಟ್ಟಿದ್ದರು. ಆ ಖುಷಿಗೇ ಮ್ಯಾನೇಜರು ಅವನನ್ನು ಬಿಸಿಲಿಗೆ ಅಟ್ಟದೆ ಫ್ಯಾನಿನ ಕೆಳಗೆ ಕೂರಿಸಿದ್ದರು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಜೇಡ ಕಂಡಾಗಲೆಲ್ಲ ಅವನು ಮಂಚ ಹತ್ತಿ ನಿಲ್ಲುವುದನ್ನು ಅವಳು ಎಷ್ಟು ಸಲ ನೋಡಿಲ್ಲ.

ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಅಕ್ಕ ಬಾಗಿಲು ಬಡಿದರು.

“ಸ್ಪ್ರೇ ಸಾರ್, ಬೇಗ ಬನ್ನಿ. ಬಚ್ಚಲ ಗೋಡೆ ಮೇಲೆ ಜೇಡ ಕೂತಿದೆ. ನನ್ನ ಅಂಗೈಯಷ್ಟಿದೆ.”

“ಇವತ್ತು ರಜೆ ಅಲ್ವಾ ಅಕ್ಕ. ಔಷಧಿ ಎಲ್ಲಾ ಆಫೀಸಲ್ಲಿದೆ.”

“ಔಷಧಿ ಬೇಡವೇ ಬೇಡ. ಮಗಳು ಕೂಸು ಎತ್ಕೊಂಡು ಬಂದಿದಾಳೆ, ಆ ವಾಸನೆ ಆಗಲ್ಲ. ಹಾಗೇ ಹಿಡೀರಿ. ನಿಮಗೇನು ಹೊಸದಾ?”

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. “ಹೋಗಿ ಬನ್ನಿ ಪಾಪ, ಎಷ್ಟು ನಂಬಿಕೆಯಿಂದ ಬಂದಿದಾರೆ,” ಅಂದು ನಗು ನುಂಗಿಕೊಂಡಳು. ಕಟ್ಟಿಕೊಂಡವಳೇ ಕೈ ಬಿಟ್ಟ ಮೇಲೆ ಇನ್ನೇನು, ಅವನು ಮೆಟ್ಟಿಲು ಹತ್ತಿದ.

ಬಚ್ಚಲಿನ ಮುಂದೆ ಆಗಲೇ ಜನ ಸೇರಿತ್ತು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಸಿದ್ಧವಾಗಿದ್ದರು. ಕೆಳಗಿನ ಮನೆಯ, ಕಾರು ಕಲಿಸುವ ಡ್ರೈವರು ಪೊರಕೆ ಹಿಡಿದಿದ್ದ. ಗೋಡೆಯ ಮೇಲೆ ಕಂದು ಬಣ್ಣದ ಜೇಡ ಕಾಲು ಚಾಚಿ ಕೂತಿತ್ತು. ಅದನ್ನು ನೋಡಿದ್ದೇ ಅವನು ಒಂದು ಹೆಜ್ಜೆ ಹಿಂದೆ ಸರಿದ.

“ತಗೊಳ್ಳಿ ಸಾರ್, ಒಂದೇಟು ಹಾಕಿ,” ಎಂದ ಡ್ರೈವರು.

ಹಾಕಬೇಕಾದರೆ ಹತ್ತಿರ ಹೋಗಬೇಕು. ಏಟು ತಪ್ಪಿದರೆ ಅದು ಮೈಮೇಲೇ ಓಡಿ ಬರುತ್ತದೆ. ಜೀವ ಬಾಯಿಗೆ ಬಂದ ಆ ಗಳಿಗೆಯಲ್ಲಿ, ಅದರ ಹೊಟ್ಟೆಯ ಕೆಳಗೆ ಅಂಟಿಕೊಂಡಿದ್ದ ಚಪ್ಪಟೆ ಬಿಳಿ ಚೀಲ ಅವನ ಕಣ್ಣಿಗೆ ಬಿತ್ತು.

“ಹೊಡೀಬಾರದು,” ಎಂದ. “ನೋಡಿ, ಮೊಟ್ಟೆ ಚೀಲ ಹೊತ್ಕೊಂಡಿದೆ. ಅದೂ ಒಂದು ತಾಯಿ.”

ಅಕ್ಕನ ಕಣ್ಣು ತುಂಬಿ ಬಂತು. ಮೇಷ್ಟ್ರು ತಲೆದೂಗಿದರು. ಹೊಡೆಯುವುದು ತಪ್ಪಿತಲ್ಲ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಅಕ್ಕ ಒಳಗಿನಿಂದ ಪ್ಲಾಸ್ಟಿಕ್ ಡಬ್ಬಿ, ಮೇಷ್ಟ್ರು ಹಳೇ ಕ್ಯಾಲೆಂಡರಿನ ರಟ್ಟು ತಂದು ಕೈಗಿಟ್ಟರು. “ಹಾಗಾದ್ರೆ ಜೋಪಾನವಾಗಿ ಹಿಡೀರಿ,” ಎಂದರು ಅಕ್ಕ.

ಅವನು ಕಣ್ಣು ಮುಚ್ಚಿ ಡಬ್ಬಿಯನ್ನು ಗೋಡೆಗೆ ಒತ್ತಿದ. ಕೆಳಗೆ ರಟ್ಟು ತೂರಿಸಿದ. ಹಿಂದೆ ಚಪ್ಪಾಳೆ ಕೇಳಿದ ಮೇಲೆಯೇ ಕಣ್ಣು ಬಿಟ್ಟದ್ದು. ಜೇಡ ಒಳಗಿತ್ತು, ಅವನ ಹೆಬ್ಬೆರಳಿನ ಪಕ್ಕದಲ್ಲೇ.

ಈಗ ಇದನ್ನು ಬಿಡುವುದೆಲ್ಲಿ? ಹೂಕುಂಡದ ಬಳಿ ಹೋದರೆ ಮೇಷ್ಟ್ರು ಅಡ್ಡ ಬಂದರು. “ಇಲ್ಲಿ ಬೇಡಪ್ಪ, ನಾನು ಬರಿಗೈಲಿ ಮಣ್ಣು ಕೆದಕೋನು.” ಕಾರು ನಿಲ್ಲಿಸುವ ಕಡೆ ತಿರುಗಿದರೆ ಡ್ರೈವರು ಕೈ ಮುಗಿದ. “ಸಾರ್, ಕಲಿಯೋಕೆ ಬರೋರಿಗೆ ಬ್ರೇಕ್ ಯಾವುದು ಅಂತಾನೇ ಗೊತ್ತಿರಲ್ಲ. ಸ್ಟೇರಿಂಗ್ ಮೇಲೆ ಇದೂ ಬಂದು ಕೂತ್ರೆ ನನ್ನ ಗತಿ ಏನು?” ಸ್ವಂತ ಮನೆಯ ಬಾಗಿಲಿಗೆ ಹೆಂಡತಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ರಸ್ತೆ ತುದಿಯ ಖಾಲಿ ಸೈಟಿನಲ್ಲಿ ಬಿಡುವುದೆಂದು ಕೊನೆಗೆ ತೀರ್ಮಾನವಾಯಿತು. ಮುಂದೆ ಡಬ್ಬಿ ಹಿಡಿದ ಅವನು, ಹಿಂದೆ ಇಡೀ ಬಿಲ್ಡಿಂಗು.

ಅರ್ಧ ದಾರಿಯಲ್ಲಿ ಮೇಷ್ಟ್ರು ಬಗ್ಗಿ ನೋಡಿ, “ಅರೆ, ಚೀಲ ಒಡೀತಾ ಇದೆ,” ಅಂದರು.

ಜೇಡ ಬಾಯಿಯಿಂದ ಚೀಲವನ್ನು ಬಿಡಿಸುತ್ತಿತ್ತು. ಒಳಗಿನಿಂದ ಸಾಸಿವೆಗಿಂತ ಸಣ್ಣ ಮರಿಗಳು ಒಂದರ ಹಿಂದೆ ಒಂದು ಹೊರಬಂದವು. ಬೆವರಿಗೆ ರಟ್ಟು ಜಾರಿತ್ತು. ಆ ಸಂದಿಯಿಂದ ನಾಲ್ಕಾರು ಮರಿಗಳು ಅವನ ಹೆಬ್ಬೆರಳು ಹತ್ತಿ, ಮಣಿಕಟ್ಟು ದಾಟಿ, ತೋಳಿನ ಕಡೆ ಹೊರಟವು. ಕಿರುಚಲು ಬಾಯಿ ತೆರೆದ, ದನಿ ಬರಲಿಲ್ಲ. ಡಬ್ಬಿ ಬಿಸಾಕಲು ನೋಡಿದ, ಕೈ ಮರಗಟ್ಟಿತ್ತು.

“ನೋಡಿ, ಕಲಿಯಿರಿ,” ಎಂದರು ಮೇಷ್ಟ್ರು ಎಲ್ಲರಿಗೂ. “ಮೈಮೇಲೆ ಮರಿ ಹತ್ತಿದ್ರೂ ಅಲುಗಾಡಲಿಲ್ಲ.”

ಸೈಟಿನ ಕಲ್ಲುರಾಶಿಯ ಮೇಲೆ ಡಬ್ಬಿ ಮಗುಚಿ, ತೋಳಿನ ಮರಿಗಳನ್ನು ಹುಲ್ಲುಕಡ್ಡಿಗೆ ಹತ್ತಿಸಿ ಇಳಿಸಿ, ಅವನು ಅಲ್ಲೇ ಕುಸಿದು ಕೂತ. ಜೇಡ ಓಡಿಹೋಗಲಿಲ್ಲ. ಇಷ್ಟು ಜನರ ನಡುವೆ, ಕೊನೆಯ ಮರಿ ಕಲ್ಲಿನ ಸಂದಿಗೆ ಸೇರುವ ತನಕ ಕಾಲು ಅಗಲಿಸಿ ಅಡ್ಡ ನಿಂತಿತ್ತು. ಅದರ ಕಾಲುಗಳೂ ನಡುಗುತ್ತಿರುವಂತೆ ಅವನಿಗೆ ಕಂಡಿತು. ಪಾಪ ಅನ್ನಿಸಿತು. ಜೇಡವನ್ನು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ಅವನು ಜನ್ಮದಲ್ಲಿ ನೋಡಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. “ಇವತ್ತು ಸತ್ತೇ ಹೋದೆ ಅಂದ್ಕೊಂಡೆ ಕಣೆ. ಭಯ ಹೋಗಿಲ್ಲ. ಆದ್ರೆ ಎಂಥಾ ತಾಯಿ ಅದು.” ಅವಳು ಈ ಸಲ ನಗಲಿಲ್ಲ, ಕಾಫಿ ಕೊಟ್ಟಳು.

ಸಂಜೆ ಮ್ಯಾನೇಜರ ಫೋನು ಬಂತು.

“ಏನ್ರೀ, ಮಧ್ಯಾಹ್ನದಿಂದ ನಿಮ್ಮ ಬಿಲ್ಡಿಂಗಿಂದ ಒಂದೇ ಸಮ ಫೋನು. ಹೊಗಳಿದ್ದೇ ಹೊಗಳಿದ್ದು.”

“ಅಯ್ಯೋ, ನಾನೇನು ಮಾಡಿದೆ ಸಾರ್,” ಎಂದು ಅವನು ನಾಚಿಕೊಂಡ.

“ಹೊಗಳಿ, ಕೊನೇಲಿ ಎಲ್ಲರೂ ಗುತ್ತಿಗೆ ಬೇಡ ಅಂದ್ರು. ಡಬ್ಬಿ, ರಟ್ಟು ಇದ್ರೆ ಸಾಕು ಅಂತ ಸ್ಪ್ರೇ ಸಾರೇ ತೋರಿಸಿಕೊಟ್ರಂತೆ. ಇನ್ನು ನೀವು ಕೂತು ಬಿಲ್ಲು ಬರೆಯೋದು ಯಾರಿಗೆ?”

“ಸಾರ್, ಕೆಲಸ…”

“ಕೆಲಸ ಎಲ್ಲೂ ಹೋಗಲ್ಲ. ಒಂದು ಹಳೇ ಗೋದಾಮಿದೆ, ವರ್ಷಗಟ್ಟಲೆ ಬಾಗಿಲೇ ತೆಗೆದಿಲ್ಲ. ಒಳಗೆ ಕಾಲಿಡೋಕೆ ಜಾಗ ಇಲ್ಲ, ಅಷ್ಟು ಜೇಡ. ಅದರ ಯಜಮಾನಿ ದಯಾವಂತೆ, ಒಂದೂ ಸಾಯಕೂಡದು ಅಂತಾರೆ. ಇಷ್ಟು ದಿನ ಅಂಥ ಆಳು ನಮ್ಮಲ್ಲಿ ಇರಲಿಲ್ಲ. ನಾಳೆಯಿಂದ ನೀವು ಅಲ್ಲಿಗೆ.”

ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವನು ಕಕ್ಕಿಬಿಟ್ಟ. “ಸಾರ್, ದೇವರಾಣೆ, ನನಗೆ ಜೇಡ ಕಂಡ್ರೆ ಭಯ.”

ಮ್ಯಾನೇಜರು ಗಹಗಹಿಸಿ ನಕ್ಕರು. “ಆ ಮೇಷ್ಟ್ರು ಹೇಳಿದ್ರು ಬಿಡಿ, ನೀವು ತುಂಬಾ ವಿನಯದ ಮನುಷ್ಯ ಅಂತ. ಡಬ್ಬಿ ಎಷ್ಟು ಬೇಕು ಹೇಳಿ, ಕಂಪನಿಯಿಂದಲೇ ಕೊಡ್ತೀವಿ.”