ತಲೆ ಒರಗಿಸುವ ಗೋಡೆ

ಒಂದು ಮನೆಯವರು ಹೇಗೆ ಬದುಕುತ್ತಾರೆ ಎಂಬುದನ್ನು ಸೋಫಾ ಎಂದೂ ಹೇಳುವುದಿಲ್ಲ, ಗೋಡೆ ಹೇಳುತ್ತದೆ. ನಮ್ಮ ಸಿಂಧನೂರು ಕಡೆ ಯಾರ ಮನೆಗಾದರೂ ಹೋಗಿ ನೋಡಿ. ದೊಡ್ಡ ಸೋಫಾ ತಂದಿಟ್ಟಿರುತ್ತಾರೆ, ಅದರ ಪ್ಲಾಸ್ಟಿಕ್ ಕೂಡ ಬಿಚ್ಚಿರುವುದಿಲ್ಲ. ಮನೆಮಂದಿಯೆಲ್ಲ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿರುತ್ತಾರೆ. ತಲೆ ತಾಗುವ ಎತ್ತರದಲ್ಲಿ ಒಬ್ಬೊಬ್ಬರದೂ ಒಂದೊಂದು ಎಣ್ಣೆ ಕಲೆ. ಆ ಕಲೆಗಳನ್ನು ನೋಡಿಯೇ ಅಜ್ಜ ಎಲ್ಲಿ ತೂಕಡಿಸುತ್ತಾನೆ, ಸೊಸೆ ಎಲ್ಲಿಂದ ಟಿ.ವಿ. ನೋಡುತ್ತಾಳೆ ಎಂದು ನಾನು ಹೇಳಬಲ್ಲೆ.

ನಾನು ಇಂಟೀರಿಯರ್ ಡಿಸೈನರ್. ಹಾಗೆಂದರೆ ಊರಿನವರು "ಪೇಂಟ್ ಹೊಡಿಯಾಕ ಮಂದೀನ ಕಳಿಸ್ತೀರೇನ್ರೀ?" ಎಂದು ಕೇಳುತ್ತಾರೆ. ಕೇಳಲಿ. ನನ್ನ ಪದ್ಧತಿಯೂ ಅಷ್ಟೇ ಸರಳ. ಮನೆಯವರನ್ನೆಲ್ಲ ಅವರವರ ಜಾಗದಲ್ಲಿ ನೆಲಕ್ಕೆ ಕೂಡಿಸಿ, ಟೇಪು ಹಿಡಿದು ತಲೆಯ ಎತ್ತರ ಅಳೆದು, ಅಲ್ಲಿಯವರೆಗೆ ಗಾಢ ಬಣ್ಣದ ಆಯಿಲ್ ಪೇಂಟ್ ಹೊಡೆಸುತ್ತೇನೆ. ಆಮೇಲೆ ಯಾರು ಎಷ್ಟು ಬೇಕಾದರೂ ಒರಗಲಿ. ನನ್ನ ಮನೆಯೂ ಹಾಗೆಯೇ ಇದೆ. ಅರಿಶಿನ ಬಣ್ಣದ ಹಾಲ್, ಗಿಣಿಹಸಿರು ಬಾಗಿಲು, ಕನಕಾಂಬರ ಬಣ್ಣದ ಅಡುಗೆಮನೆ, ನೆಲದ ಮೇಲೆ ಹಳೆಯ ಸೀರೆಗಳ ಕೌದಿ. ದೀಪಕ್ಕೆ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ತಂದ ಬಿದಿರಿನ ಬುಟ್ಟಿ ತೂಗುಹಾಕಿದ್ದೇನೆ. ದಢೇಸುಗೂರಿನಿಂದ ಬಂದಾಗಲೆಲ್ಲ ಅದನ್ನು ಮೆಚ್ಚಿಕೊಳ್ಳುವ ನಮ್ಮ ಮಡಿವಂತ ಅತ್ತೆಯವರಿಗೆ ಅದು ಮೀನು ಹಿಡಿಯುವ ಬುಟ್ಟಿ ಎಂದು ನಾನಿನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ನನ್ನ ಹಟ ಒಂದೇ: ಮನುಷ್ಯರು ವಾಸಿಸುವ ಮನೆಗೆ ಬಿಳಿ ಗೋಡೆ ಮಾಡಿಕೊಡುವುದಿಲ್ಲ. ಈ ಹಟದಿಂದ ಲಿಂಗಸುಗೂರಿನ ಎರಡು ಮನೆಗಳು ಕೈತಪ್ಪಿದ್ದವು. ಆಗ ಮಸ್ಕಿಯ ಬಟ್ಟೆ ವ್ಯಾಪಾರಿ ಶರಣಪ್ಪನವರು ಫೋನ್ ಮಾಡಿದರು. ಹೊಸ ಮನೆ, ಎಲ್ಲ ಹಾಲಿನಂತೆ ಬೆಳ್ಳಗಿರಬೇಕಂತೆ, ಮೊದಲು ನಮ್ಮ ಮನೆ ನೋಡಿ ಹೋಗುತ್ತಾರಂತೆ. ಇದೂ ಹೋದರೆ ನನ್ನ ಅಂಗಡಿಯ ಶಟರ್ ಎಳೆಯುವುದೊಂದೇ ಬಾಕಿ. ನಮ್ಮ ಯಜಮಾನರು ಹೈಸ್ಕೂಲ್ ಮಾಸ್ತರರು, ತಲೆ ಪೂರ್ತಿ ಬೋಳು, ಮಾತು ಕಡಿಮೆ. ಅವರೇ ಬಾಯಿಬಿಟ್ಟು, "ಒಂದು ಗ್ವಾಡಿಗರೆ ಬಿಳಿ ಹೊಡಸು. ಬಂದವರು ಬಾಗಲದಾಗಿಂದನ ತಿರುಗಿ ಹೋಗಬಾರದು," ಎಂದರು. ಪಕ್ಕದಲ್ಲಿಟ್ಟು ನೋಡಿದರೆ ಬಿಳಿ ಎಷ್ಟು ಸಪ್ಪೆ ಎಂದು ತೋರಿಸಲಾದರೂ ಬೇಕಲ್ಲ ಎಂದು ಒಪ್ಪಿ, ಹಾಲ್‌ನ ಒಂದು ಗೋಡೆಗೆ ಬಿಳಿ ಹೊಡೆಸಿದೆ. ಮನೆಯಲ್ಲಿರುವವರು ನಾವಿಬ್ಬರೇ. ಆ ಗೋಡೆಯ ಹತ್ತಿರ ಸುಳಿಯಕೂಡದು ಎಂದು ಅವರಿಗೆ ತಾಕೀತು ಮಾಡಿದೆ.

ಶರಣಪ್ಪ, ಅವರ ಹೆಂಡತಿ ಸುವರ್ಣಾ ಮತ್ತು ತಾಯಿ ಬಸಮ್ಮ ಬಂದರು. ಬಸಮ್ಮ ನೇರವಾಗಿ ಬಿಳಿ ಗೋಡೆಯ ಪಕ್ಕದ ಕೌದಿಯ ಮೇಲೆ ಕುಳಿತರು, ಆದರೆ ಒರಗಲಿಲ್ಲ. ಪರೀಕ್ಷೆಗೆ ಕುಳಿತ ಹುಡುಗಿಯಂತೆ ಬೆನ್ನು ನೆಟ್ಟಗೆ.

"ಅತ್ತೀ, ತಲಿ ಹಚ್ಚಬ್ಯಾಡ್ರಿ," ಎಂದರು ಸುವರ್ಣಾ.

"ಇಲ್ಲವಾ. ಹೊಸ ಮನ್ಯಾಗ ಹಿಂಗ ಕೂಡಬೇಕಲ್ಲ, ಈಗಿಂದನ ರೂಢಿ ಮಾಡ್ಕೊಳಾಕತ್ತೀನಿ."

ನನಗೆ ಸಂಕಟವಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಅಂಗಡಿ, ಶಟರ್ ಎಲ್ಲ ಮರೆತುಹೋಯಿತು.

"ಶರಣಪ್ಪನೋರ, ಮನಿ ಕಟ್ಟಿಸಿದ್ದು ಗ್ವಾಡಿ ಸಲುವಾಗಿನೋ, ಅವ್ವಾರ ಸಲುವಾಗಿನೋ? ಬಿಳೀನ ಬೇಕಂದ್ರ ಬ್ಯಾರೇದವರನ್ನ ನೋಡ್ಕೊಳ್ರಿ. ನಾ ಮಾಡೂದಿಲ್ಲ."

ಅವರಿಗೂ ಕೆರಳಿತು. "ಯಾಕ್ರೀ, ಬಿಳಿ ಗ್ವಾಡಿ ಜ್ವಾಕಿ ಮಾಡಾಕ ಬರೂದಿಲ್ಲೇನು? ನಿಮ್ಮ ಈ ಗ್ವಾಡೀನ ನೋಡ್ರಿ, ಎಷ್ಟು ಛಲೋ ಇಟ್ಟೀರಿ."

ಬಸಮ್ಮ ಹಿಂದಿರುಗಿ ನೋಡಿದರು. "ಇಲ್ಲಿ ಯಾರೋ ಆಗಲೇ ತಲಿ ಹಚ್ಯಾರಲ್ಲೋ ಶರಣಾ."

ನಿಜ. ಅಂಗೈಯಗಲದ ಹೊಸ ಎಣ್ಣೆ ಕಲೆ. ಶರಣಪ್ಪ ನಮ್ಮ ಯಜಮಾನರ ಕಡೆ ನೋಡಿದರು. ಅವರು ತಮ್ಮ ಬೋಳುತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಆಮೇಲೆ ಎಲ್ಲರ ಕಣ್ಣೂ ನನ್ನ ಜಡೆಯ ಮೇಲೆ ಬಂದು ನಿಂತವು. ಹಿಂದಿನ ಸಂಜೆ ತಲೆಗೆ ಎಣ್ಣೆ ಹಚ್ಚಿಕೊಂಡು, ಅದೇ ಜಾಗದಲ್ಲಿ ಕಾಲು ಚಾಚಿ ಬೆಳ್ಳುಳ್ಳಿ ಸುಲಿದದ್ದು ಆಗ ನೆನಪಾಯಿತು.

ಮೊದಲು ನಕ್ಕವರು ಬಸಮ್ಮ. ನಗುತ್ತಲೇ ಹಿಂದೆ ಸರಿದು, ಅದೇ ಕಲೆಗೆ ತಲೆ ಕೊಟ್ಟು ಹಾಯಾಗಿ ಕಣ್ಣು ಮುಚ್ಚಿದರು. ಶರಣಪ್ಪ ತಾಯಿಯನ್ನೇ ನೋಡುತ್ತ ಕುಳಿತರು. ಕೊನೆಗೆ ಮೆಲ್ಲಗೆ, "ಟೇಪು ತಗೊಂಬರ್ರಿ. ಮೊದಲ ಅವ್ವಂದು ಅಳತಿ ತಗೊಳ್ರಿ," ಎಂದರು.

ಮಸ್ಕಿಯ ಆ ಮನೆಗೆ ಈಗ ಇಟ್ಟಿಗೆಗೆಂಪಿನ ಪಟ್ಟಿ ಬಂದಿದೆ, ಬಸಮ್ಮನವರ ತಲೆಗಿಂತ ನಾಲ್ಕು ಬೆರಳು ಮೇಲೆ. ನನ್ನ ಹಟ ಗೆದ್ದಿತು ಎಂದು ಜನ ಹೊಗಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಆದರೆ ನಮ್ಮ ಹಾಲ್‌ನ ಆ ಬಿಳಿ ಗೋಡೆಗೆ ಅರಿಶಿನ ಬಣ್ಣ ಹೊಡೆಯಲು ಬ್ರಶ್ ಹಿಡಿದರೆ ಯಜಮಾನರು ಅಡ್ಡ ನಿಲ್ಲುತ್ತಾರೆ.

"ಇರಲಿ ಬಿಡು. ಲಿಂಗಸುಗೂರಿನವರು ಮತ್ತ ಬರ್ತಾರ, ಅವರಿಗೂ ಈ ಎಣ್ಣಿ ಕಲಿ ತೋರ್ಸಾಕ ಬೇಕಾಗತೈತಿ. ನೀ ಅಷ್ಟು ದಿನಾ ಎಣ್ಣಿ ಹಚ್ಕೊಂಡು ಅಲ್ಲೇ ಕುಂದ್ರು."

ಅಲ್ಲೇ ಕುಳಿತುಕೊಂಡು ಇದನ್ನು ಬರೆಯುತ್ತಿದ್ದೇನೆ.