ಖಿಡಕಿ ಬಿಟ್ಟು ಸರೀಬ್ಯಾಡ್ರಿ

ಜೇವರ್ಗಿ, ಅಫಜಲಪುರ, ಈಗ ಆಳಂದ. ಮೂರೂ ತಾಲೂಕಿನ ಹೈಸ್ಕೂಲಿನಾಗ ಗಣಿತ ಕಲಿಸೇನಿ, ಎಲ್ಲಿ ಹೋದ್ರೂ ಅದೇ ಕತಿ. ನಮ್ಮ ಹುಡುಗರು ಹತ್ತನೇ ಕ್ಲಾಸಿನಾಗ ಛಲೋ ಮಾರ್ಕ್ಸ್ ತಗೀತಾರ, ಕಾಲೇಜಿನ ಖಿಡಕಿ ಮುಂದ ಹೋಗಿ ನಿಲ್ತಾರ, ಒಳಗಿನ ಕ್ಲಾರ್ಕ್ "ನಾಳೆ ಬಾ" ಅಂದ್ರ "ಹೂಂ ರೀ" ಅಂತ ಊರಿಗಿ ವಾಪಸ್ ಬರ್ತಾರ. ಆ ನಾಳೆ ಬರೂದ್ರಾಗ ಅಡ್ಮಿಷನ್ ಮುಗದಿರ್ತದ. ನೋಡಿ ನೋಡಿ ನನ್ನ ತಲಿ ಕೆಡ್ತು. ಶನಿವಾರ ಸಾಲಿ ಬಿಟ್ಟ ಮ್ಯಾಲ "ಖಿಡಕಿ ಕ್ಲಾಸ್" ಚಾಲೂ ಮಾಡಿದೆ. ಒಳಗ ಕುರ್ಚಿ ಹಾಕ್ಕೊಂಡು ಕೂಡೂ ಕ್ಲಾರ್ಕ್ ನಾನು. ಹುಡುಗರು ಫೈಲ್ ಹಿಡಕೊಂಡು ಹೊರಗ ಪಾಳಿ ಹಚ್ಚಬೇಕು.

ಹುಷಾರ್ ಹುಡುಗ

ಮೊದಲ ಬಂದಾಂವ ಕ್ಲಾಸಿಗೇ ಹುಷಾರ್. ನಾ ತಲಿ ಎತ್ತದೇ "ನಾಳೆ ಬಾ" ಅಂದೆ. "ಹೂಂ ರೀ ಸರ್" ಅಂದಾಂವ ಹೋಗೇಬಿಟ್ಟ. ತಿರುಗಿ ಬರ್ತಾನ, ವಾದ ಮಾಡ್ತಾನ ಅಂತ ದಾರಿ ನೋಡಿದೆ. ಎಲ್ಲಿ ಬರ್ತಾನ? ಸೋಮವಾರ ಹಿಡದು ಕೇಳಿದ್ರ ನನ್ನ ಮ್ಯಾಲೇ ಸಿಟ್ಟಾದ: "ಐತವಾರ ಹತ್ತಕ್ಕ ಬಂದು ಸಂಜಿತನಕ ನಿಂತಿದ್ದೆ ಸರ್. ನೀವೇ ಬರಲಿಲ್ಲ!"

ನಿಂಬರ್ಗಾದ ಹುಡುಗಿ

ಈಕೀ ಅವ್ವ ತೊಗರಿ ಹೊಲದಾಗ ಕೂಲಿ ಮಾಡ್ತಾಳ. ಹುಡುಗೀಗಿ ಸೈನ್ಸೇ ಬೇಕು, ಡಾಕ್ಟರೇ ಆಗಬೇಕು. "ಸೈನ್ಸ್ ಸಿಗಲಿಲ್ಲಂದ್ರ ಓದು ಸಾಕು, ಅವ್ವನ ಸಂಗಾಟ ಹೊಲಕ್ಕ ನಡಿ" ಅಂತ ಕಾಕಾ ಮೊದಲೇ ಹೇಳಿಬಿಟ್ಟಿದ್ದ. ಅಕೀಗಿ ಇದು ಆಟ ಆಗಿರಲಿಲ್ಲ.

"ನಾಳೆ ಬಾ" ಅಂದೆ. ಅಲ್ಲೇ ಕುಂತ್ಳು. "ಊಟದ ಹೊತ್ತು" ಅಂದೆ. "ಉಣ್ರಿ ಸರ್, ನಾ ಕುಂತಿರ್ತೇನಿ." "ಸಾಹೇಬ್ರು ರಜಾ ಹಾಕ್ಯಾರ." "ಅವರ ಬದ್ಲಿ ಸಹಿ ಮಾಡಾವ್ರು ಯಾರು ಹೇಳ್ರಿ." "ಕರೆಂಟ್ ಹೋಗ್ಯಾದ." "ಬರೂತನಕ ಕೂಡ್ತೇನಿ." ನನ್ನ ನೆವ ಎಲ್ಲಾ ಮುಗದು, ಕಡೀಗಿ ನಾನೇ ಕೈ ಮುಗದೆ: "ಯವ್ವಾ, ನನ್ನ ಬಸ್ ಹೋಗ್ತದ, ಬಿಡು ತಾಯಿ!"

ಹೆಡ್‌ಮಾಸ್ತರ್

"ಮಕ್ಕಳಿಗಿ ಜಗಳ ಕಲಸಾಕತ್ತೀರೇನ್ರಿ?" ಅಂತ ಹೆಡ್‌ಮಾಸ್ತರ್ ಒಂದಿನ ಕರದು ದಬಾಯಿಸಿದ್ರು. ನಾ ಸೊಪ್ಪು ಹಾಕಲಿಲ್ಲ. "ತಮ್ಮ ಹಕ್ಕಿನ ಸೀಟ್ ಕೇಳೂದು ಕಲಸಾಕತ್ತೇನ್ರಿ. ಬಂದ್ ಮಾಡಂಗಿಲ್ಲ" ಅಂದೆ. ಮುಂದಿನ ಶನಿವಾರ ನೋಡ್ತೇನಿ, ಪಾಳಿ ಕಡೀಗಿ ಹೆಡ್‌ಮಾಸ್ತರೇ ನಿಂತಾರ, ಬಗಲಾಗ ಫೈಲ್! "ನನ್ನ ವರ್ಗಾವಣಿ ಅರ್ಜಿ ಆಫೀಸಿನಾಗ ಮಲಗಿ ಎರಡು ವರ್ಷ ಆತ್ರಿ. ನನಗೂ ಒಂಚೂರು ಕಲಸ್ರಿ."

ಕಡೀ ದಿನ

ನಿಂಬರ್ಗಾದ ಹುಡುಗಿ ಫಸ್ಟ್ ಕ್ಲಾಸಿನಾಗ ಪಾಸಾದ್ಳು. ಕಲಬುರಗಿಯ ಒಂದು ಕಾಲೇಜಿನ ಗ್ವಾಡಿಗಿ ಹಚ್ಚಿದ ಸೈನ್ಸ್ ಪಟ್ಟ್ಯಾಗ ಹೆಸರೂ ಬಂತು. ಆದ್ರ ಜಾತಿ ಸರ್ಟಿಫಿಕೇಟ್ ಕೈಗಿ ಬರೂದ್ರಾಗ ಅಡ್ಮಿಷನ್ನಿನ ಕಡೀ ದಿನ ಬಂದಿತ್ತು. ಅವ್ವ, ಮಗಳು, ನಾನು ಓಡಿದ್ವಿ.

ಕ್ಲಾರ್ಕ್ ಫೈಲ್ ಸುದಾ ಬಿಚ್ಚಲಿಲ್ಲ. "ಸೈನ್ಸ್ ಸೀಟ್ ಮುಗದಾವ. ಆರ್ಟ್ಸ್ ತಗೋ" ಅಂದ. ಅಷ್ಟು ತಾಲೀಮು ಮಾಡಿದ ನನ್ನ ಶಿಷ್ಯಿ ಬಾಯಿ ಕಟ್ಟಿ ನಿಂತ್ಳು, ಕಣ್ಣಾಗ ನೀರು. ನಾ ಬಾಯಿ ತಗಿಯೂದ್ರಾಗ ಅವ್ವ ಮುಂದ ನುಗ್ಗಿ ಖಿಡಕಿ ಸರಳು ಹಿಡದ್ಳು.

"ಪಟ್ಟ್ಯಾಗ ನನ್ನ ಮಗಳ ಹೆಸರು ಅದ. ಸೀಟ್ ಇಲ್ಲಂತ ಬರದು, ಸಹಿ ಮಾಡಿ, ಶಿಕ್ಕಾ ಹೊಡದು ಕೊಡ್ರಿ."

ಕ್ಲಾರ್ಕ್ ನಕ್ಕ. "ಬರದು ಕೊಟ್ರ ನಿನಗ ಓದಾಕ ಬರ್ತದೇನ ಬೇ?"

"ಬರಂಗಿಲ್ರೀ ಯಪ್ಪಾ. ಬರ್ತಿದ್ರ ಆ ಕುರ್ಚಿ ಮ್ಯಾಲ ನಾ ಕುಂತಿರ್ತಿದ್ದೆ, ನೀವು ಇಲ್ಲಿ ನಿಂತಿರ್ತಿದ್ರಿ. ಬರೀರಿ!"

ಪಾಳಿಗಿ ಪಾಳೀನೇ ಬಿದ್ದು ಬಿದ್ದು ನಕ್ತು. ಕ್ಲಾರ್ಕ್ ಪೆನ್ ಹಿಡದ, ಶಿಕ್ಕಾದ ಕಡೆ ನೋಡಿದ, ಪೆನ್ ಇಟ್ಟು ಫೈಲ್ ಇಸ್ಕೊಂಡ. ಇಲ್ಲದ ಸೀಟ್ ಎಲ್ಲಿಂದ ಬಂತೋ, ಐದು ನಿಮಿಷದಾಗ ಬಂತು.